ಗುಂಡಿಯಲ್ಲಿ ನಿಂತ ಗಂಡ

ಕತ್ತಿಯನ್ನು ಹಿಡಿಕೆಯಲ್ಲಿ ಹಿಡಿಯಬೇಕು ಎಂಬುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ನನ್ನ ಗಂಡ ಮದುವೆಯಾಗಿ ನಮ್ಮ ಮನೆಗೆ ಬರುವಾಗ ಟ್ರಂಕಿನಲ್ಲಿ ತಂದ ಜರ್ಮನ್ ಪುಸ್ತಕದಲ್ಲಿ ಗಂಡಸರು ಉದ್ದ ಕತ್ತಿಯ ಅಲಗನ್ನೇ ಎರಡು ಕೈಯಲ್ಲಿ ಹಿಡಿದು, ಹಿಡಿಕೆಯಿಂದ ಎದುರಿಗಿದ್ದವನ ತಲೆಗೆ ಬಡಿಯುತ್ತಿದ್ದರು. ಇನ್ನೊಂದು ಚಿತ್ರದಲ್ಲಿ ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಅಲಗಿನ ನಡುವಿನಲ್ಲಿ. ಬಾಗಿಲಿಗೆ ಅಗುಳಿ ಹಾಕಿದ ಹಾಗೆ ಕತ್ತಿಯನ್ನು ಕುತ್ತಿಗೆಗೆ ಅಡ್ಡ ಕೊಟ್ಟು ಮನುಷ್ಯನನ್ನು ಕೆಡವುವುದು. ಮೈತುಂಬ ಕಬ್ಬಿಣ ತೊಟ್ಟವನಿಗೆ ಅಲಗು ತಾಗುವುದಿಲ್ಲ, ಅದಕ್ಕೇ ಕತ್ತಿಯನ್ನು ಸುತ್ತಿಗೆ ಮಾಡಿಕೊಳ್ಳುತ್ತಿದ್ದರು ಎಂದು ಅವರು ವಿವರಿಸಿದರು. ಕೈ ಕುಯ್ಯುವುದಿಲ್ಲವೇ ಎಂದು ಕೇಳಿದೆ. ಗಟ್ಟಿ ಹಿಡಿದರೆ ಕುಯ್ಯುವುದಿಲ್ಲ, ಹಿಡಿತ ಸಡಿಲಾಗಿ ಜಾರಿದರೆ ಕುಯ್ಯುವುದು ಎಂದರು.

ಅವರು ಕಾಸರಗೋಡಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಪುಸ್ತಕ ಕೊಟ್ಟದ್ದು ಒಬ್ಬ ಜರ್ಮನ್ ಪಾದ್ರಿ. ಜರ್ಮನಿಯೊಡನೆ ಯುದ್ಧ ಶುರುವಾದಾಗ ಪೊಲೀಸರು ಆ ಪಾದ್ರಿಯನ್ನು ಕರೆದುಕೊಂಡು ಹೋದರಂತೆ. ಹೊರಡುವ ಮೊದಲು, ಚಿತ್ರ ಬಿಡಿಸುವವನ ಹತ್ತಿರ ಇರಲಿ ಎಂದು ಅದನ್ನು ಇವರಿಗೆ ಕೊಟ್ಟರಂತೆ. ಇವರಿಗೆ ಜರ್ಮನ್ ಒಂದಕ್ಷರ ಬಾರದು. ಪಾದ್ರಿ ಹೇಳಿದ್ದರಲ್ಲಿ ನೆನಪಿದ್ದಷ್ಟು ಹೇಳುತ್ತಿದ್ದರು, ಉಳಿದದ್ದಕ್ಕೆ ತಮ್ಮದೇ ಮಸಾಲೆ ಅರೆಯುತ್ತಿದ್ದರು. ಸಂಜೆ ಶಾಲೆಯಿಂದ ಬಂದು ಅಂಗಳದಲ್ಲಿ ಒನಕೆಯನ್ನು ತಲೆಕೆಳಗಾಗಿ ಹಿಡಿದು ನನಗೆ ಪಾಠ ಮಾಡುವಾಗ ಅಮ್ಮ ಒಳಗಿನಿಂದ ಗೊಣಗುತ್ತಿದ್ದರು. ನನಗೆ ಮಾತ್ರ ದಿನಕ್ಕೆ ಅದೊಂದೇ ಹೊತ್ತು ಸಾಕಾಗಿತ್ತು.

ಪುಸ್ತಕದ ಕೊನೆಯ ಕಡೆ ಗಂಡ ಹೆಂಡಿರ ಕಾಳಗದ ಚಿತ್ರಗಳಿದ್ದವು. ವ್ಯಾಜ್ಯ ಬೇರೆ ರೀತಿಯಲ್ಲಿ ತೀರದಿದ್ದರೆ ಹೀಗೆ ಹೊಡೆದಾಡಿ ತೀರಿಸಿಕೊಳ್ಳಬೇಕು. ಬಲ ಸರಿಸಮ ಆಗಬೇಕಲ್ಲ, ಅದಕ್ಕೆ ಗಂಡ ಸೊಂಟದ ತನಕ ಗುಂಡಿಯಲ್ಲಿ ನಿಲ್ಲಬೇಕು, ಒಂದು ಕೈ ಬೆನ್ನಿಗೆ ಕಟ್ಟಬೇಕು, ಇನ್ನೊಂದರಲ್ಲಿ ದೊಣ್ಣೆ. ಹೆಂಡತಿ ಮೇಲೆ ನಿಂತು, ಬಟ್ಟೆಯ ತುದಿಗೆ ಕಲ್ಲು ಕಟ್ಟಿ ಬೀಸಬೇಕು. ಗಂಡನ ಕೈ ನೆಲಕ್ಕೆ ತಾಗಿದರೆ ಒಂದು ದೊಣ್ಣೆ ಹೋಯಿತು. ಅವನಿಗೆ ಇರುವುದು ಮೂರೇ, ಮೂರೂ ಹೋದರೆ ಸೋತ ಹಾಗೆ. ನಮ್ಮಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಆ ಊರಿನವರು ಉಣ್ಣದೆ ಮಲಗುತ್ತಿದ್ದರೋ ಏನೋ ಎಂದು ನಾನು ನಕ್ಕಿದ್ದೆ.

ನಮ್ಮ ಜಗಳವೂ ಉಂಡು ಮಲಗಿದರೆ ಮುಗಿಯದ ಒಂದು ದಿನ ಬಂತು. ನಮ್ಮಲ್ಲಿ ಮನೆ, ಜಾಗ ಎಲ್ಲ ಹೆಣ್ಣಿನ ಕಡೆಯಿಂದ ಬರುವುದು. ನಾನು ಒಬ್ಬಳೇ ಮಗಳಾದ್ದರಿಂದ ಅವರೇ ಮೊಗ್ರಾಲಿನ ನಮ್ಮ ಮನೆಗೆ ಬಂದು ನಿಂತಿದ್ದರು. ಯಾರೂ ಅವರಿಗೆ ಒಂದು ಮಾತು ಆಡಿದವರಲ್ಲ. ಆದರೂ ಅವರು ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿರಲಿಲ್ಲ. ಹಸಿವಿಲ್ಲ ಎನ್ನುತ್ತಿದ್ದರು, ಅದು ಸುಳ್ಳೆಂದು ನನಗೆ ಗೊತ್ತಿತ್ತು. ಯುದ್ಧ ಮುಗಿದ ಮರುವರ್ಷ ಬೊಂಬಾಯಿಯ ಒಂದು ಅಚ್ಚುಕೂಟದಿಂದ ಕ್ಯಾಲೆಂಡರಿನ ಚಿತ್ರ ಬರೆಯುವ ಕೆಲಸಕ್ಕೆ ಕರೆ ಬಂತು. ಮೊದಲು ತಾನು ಹೋಗುವುದು, ಕೋಣೆ ಸಿಕ್ಕಿದ ಮೇಲೆ ನನ್ನನ್ನು ಕರೆಸುವುದು ಎಂದರು. ನಾನು ಬೇಡವೆಂದೆ. ಒಂದು ವಾರ ನಾವು ಮಾತು ಬಿಟ್ಟೆವು.

ಅದು ಮಳೆಗೆ ಮೊದಲು ತೆಂಗಿನ ಸಸಿಗೆ ಗುಂಡಿ ತೋಡುವ ಸಮಯ. ಹೊಳೆಯ ಬದಿಯ ಮರಳು ಜಾಗದಲ್ಲಿ ಹತ್ತು ಗುಂಡಿ, ಒಂದೊಂದೂ ಸೊಂಟದ ಮಟ್ಟ. ಅಮ್ಮ ವರ್ಕಾಡಿಗೆ ಮದುವೆಗೆ ಹೋಗಿದ್ದರು, ಆಳುಗಳು ಊಟಕ್ಕೆ ಹೋಗಿದ್ದರು. ಇವರು ಒಂದು ಗುಂಡಿಗೆ ಇಳಿದು ನಿಂತು ನನ್ನನ್ನು ಕರೆದರು.

"ಹೆಂಡತಿ ಮನೆಯ ಮಣ್ಣಿನಲ್ಲಿ ಸೊಂಟದವರೆಗೆ ಹೂತು ಹೋಗಿದ್ದೇನೆ, ನೋಡು. ಇಲ್ಲಿಯೇ ತೀರ್ಮಾನ ಮಾಡುವ. ನೀನು ಗೆದ್ದರೆ ನಾನು ಹೋಗುವುದಿಲ್ಲ."

ತಮಾಷೆಯ ದನಿ, ಆದರೆ ಕಣ್ಣು ನಗುತ್ತಿರಲಿಲ್ಲ. ಎಡಗೈಯನ್ನು ಅವರ ಹೆಗಲ ಮೇಲಿದ್ದ ಬೈರಾಸಿನಿಂದ ಬೆನ್ನಿಗೆ ನಾನೇ ಕಟ್ಟಿದೆ. ತೆಂಗಿನ ಮಡಲಿನ ದಪ್ಪ ಬುಡದ ಮೂರು ತುಂಡು ದೊಣ್ಣೆಗಳಾದವು. ಕಲ್ಲಿನ ಬದಲು ಅಮ್ಮ ಉಪ್ಪು ಹಾಕಿ ಕಟ್ಟಿಟ್ಟ ಹುಣಸೆಹಣ್ಣಿನ ಒಂದು ಉಂಡೆ ತಂದು ಹಳೆಯ ಸೀರೆಯ ತುದಿಗೆ ಗಂಟು ಹಾಕಿದೆ.

ಮೊದಲ ಬೀಸಿಗೇ ಅವರು ತಪ್ಪಿಸಿಕೊಳ್ಳಲು ಬಾಗಿ ಕೈಯೂರಿದರು. ಒಂದು ದೊಣ್ಣೆ ಹೋಯಿತು. ಎರಡನೆಯ ಸಲ ಬಟ್ಟೆ ಅವರ ದೊಣ್ಣೆಗೆ ಸುತ್ತಿಕೊಂಡಿತು. ಪುಸ್ತಕದಲ್ಲಿದ್ದ ಹಾಗೆಯೇ ಅವರು ಜಗ್ಗಿದರು, ನಾನು ತಲೆ ಕೆಳಗಾಗಿ ಗುಂಡಿಗೆ ಬಿದ್ದೆ. ನನ್ನ ತಲೆ ಅಂಚಿಗೆ ಬಡಿಯದ ಹಾಗೆ ಅವರು ದೊಣ್ಣೆ ಬಿಸಾಡಿ ಅಂಗೈಯನ್ನು ಮರಳಿಗೆ ಒಡ್ಡಿದರು. ನಾವಿಬ್ಬರೂ ಉಸಿರು ಕಟ್ಟುವಷ್ಟು ನಕ್ಕೆವು. ನಾನು ಎದ್ದು ಕೂದಲಿನ ಮರಳು ಕೊಡವಿಕೊಂಡು, ಕೈ ತಾಗಿತಲ್ಲ, ಎರಡನೆಯದೂ ಹೋಯಿತು ಎಂದೆ. ಅಂಥ ಲೆಕ್ಕದಲ್ಲಿ ನಾನು ಯಾರನ್ನೂ ಬಿಟ್ಟವಳಲ್ಲ.

ಮೂರನೆಯ ಸಲ ಮೇಲೆ ಹತ್ತಿ ಹಿಂದಿನಿಂದ ಹೋದೆ. ಚಿತ್ರದ ಹೆಂಗಸು ಗಂಡನ ಕುತ್ತಿಗೆಗೆ ಕೈ ಹಾಕಿ ಅವನನ್ನು ಹಿಂದಕ್ಕೆ ಎಳೆಯುತ್ತಾಳೆ. ನನಗೆ ಮನಸ್ಸು ಬರಲಿಲ್ಲ. ಬಟ್ಟೆಯನ್ನು ಎದೆಗೆ ಬಳಸಿ, ಹಿಮ್ಮಡಿ ಊರಿ ಎಳೆದೆ. ಅವರು ಹಿಂದಕ್ಕೆ ವಾಲಿದರು. ದೊಣ್ಣೆ ಬಿತ್ತು. ಬಲಗೈ ನೆಲ ಮುಟ್ಟದ ಹಾಗೆ ಗಾಳಿಯಲ್ಲಿ ತಡಕಾಡಿತು. ಮರಳಿಗೂ ಅಂಗೈಗೂ ನಾಲ್ಕು ಬೆರಳಿನ ಅಂತರ. ಅವರ ತಲೆ ನನ್ನ ಮಂಡಿಗೆ ಒರಗಿತ್ತು. ನಗು ನಿಂತು, ಮೆಲ್ಲನೆ ಹೇಳಿದರು.

"ಬಿಡು ಮಾರಾಯ್ತಿ. ನನಗೆ ಹೋಗ್ಲಿಕ್ಕುಂಟು."

ನಾನು ಬಿಟ್ಟೆ. ಕಟ್ಟಿ ಹಾಕಿ ಉಳಿಸಿಕೊಂಡ ಗಂಡ ಎಂತಹ ಗಂಡ ಎಂದು ಆಗ ನನಗೆ ದೊಡ್ಡ ಬಿಂಕ.

ಹತ್ತು ದಿನದಲ್ಲಿ ಮಂಗಳೂರಿಗೆ ಹೋಗಿ ಹಡಗು ಹತ್ತಿದರು. ಪುಸ್ತಕವನ್ನು ನನ್ನ ಹತ್ತಿರವೇ ಬಿಟ್ಟರು. ಆ ಒಂದು ಗುಂಡಿಗೆ ಸಸಿ ಹಾಕಲು ನಾನು ಬಿಡಲಿಲ್ಲ. ಅಮ್ಮ ಬೈದರು, ನಾನು ಕೇಳಲಿಲ್ಲ. ಕೋಣೆ ಇನ್ನೂ ಸಿಕ್ಕಿಲ್ಲ, ಎಂಟು ಜನ ಒಟ್ಟಿಗೆ ಇದ್ದೇವೆ ಎಂದು ಅವರು ಪ್ರತಿ ಕಾಗದದಲ್ಲೂ ಬರೆಯುತ್ತಿದ್ದರು. ಒಂದರಲ್ಲಿ ಬರೀ ಚಿತ್ರವಿತ್ತು: ಗುಂಡಿ, ಅದರಲ್ಲಿ ಅವರು, ಮೇಲೆ ಯಾರೂ ಇಲ್ಲ. ಕೆಳಗೆ ಒಂದೇ ಸಾಲು, "ಇನ್ನೂ ಸ್ವಲ್ಪ ಎಳೆಯಬೇಕಿತ್ತು ನೀನು." ಗುಂಡಿ ಹಾಗೆಯೇ ಉಂಟು, ಬನ್ನಿ ಎಂದು ನಾನು ಉತ್ತರ ಬರೆದೆ. ಆ ಮಳೆಗಾಲದಲ್ಲಿ ಒಂದು ಕಾರ್ಡು ಬಂತು. ಅಕ್ಷರ ಅವರದ್ದಾಗಿರಲಿಲ್ಲ. ಟೈಫಾಯ್ಡ್, ಎಂಟೇ ದಿನದಲ್ಲಿ ಹೋಗಿಬಿಟ್ಟರು ಎಂದಿತ್ತು.

ಹೊಳೆಬದಿಯಲ್ಲಿ ಈಗ ಸಾಲಾಗಿ ಒಂಬತ್ತು ತೆಂಗು ಇವೆ, ನಡುವೆ ಒಂದು ಮರದಷ್ಟು ಖಾಲಿ. ಅಲ್ಲಿದ್ದ ಮರಕ್ಕೆ ಸಿಡಿಲು ಬಡಿಯಿತೇ ಎಂದು ಕಾಯಿ ಕೀಳುವವರು ಕೇಳುತ್ತಾರೆ. ಅಲ್ಲಿ ಮರ ಇರಲೇ ಇಲ್ಲ ಎನ್ನುತ್ತೇನೆ. ಕೆಲವು ಸಂಜೆ ಅಲ್ಲಿಗೆ ಹೋಗಿ ಮರಳಿನ ಮೇಲೆ ಕೂರುತ್ತೇನೆ. ಮಂಡಿಗೆ ಅವರ ತಲೆಯ ಭಾರ ಬೇಕೆನಿಸುತ್ತದೆ, ಇಷ್ಟು ವರ್ಷವಾದರೂ. ಗಟ್ಟಿ ಹಿಡಿದರೆ ಕುಯ್ಯುವುದಿಲ್ಲ ಎಂದು ಅವರೇ ಹೇಳಿಕೊಟ್ಟಿದ್ದರು. ಬರೀ ನಾಲ್ಕು ಬೆರಳು. ಅಷ್ಟು ಎಳೆಯುವ ಬಲ ನನ್ನ ಕೈಯಲ್ಲಿತ್ತು.