ಪೂರ್ವದ ದಂಡೆಯ ಹೊಗೆ

ನನ್ನ ಗಂಡ ಬಾಗೇವಾಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ತಾಮ್ರದ ಕೊಳವೆ ಬಗ್ಗಿಸಿ ಅವರೇ ಮಾಡಿದ ಒಂದು ಆಂಟೆನಾ ನಮ್ಮ ಮಾಳಿಗೆಯ ಮೇಲಿತ್ತು. ಹವಾಮಾನ ಉಪಗ್ರಹ ನೆತ್ತಿಯ ಮೇಲೆ ಹಾದುಹೋಗುವಾಗ ರೇಡಿಯೊದಲ್ಲಿ ಟಿಕ್ ಟಿಕ್ ಸದ್ದು ಬರುತ್ತಿತ್ತು. ಕಂಪ್ಯೂಟರು ಅದನ್ನು ಗೆರೆ ಗೆರೆಯಾಗಿ ಚಿತ್ರ ಮಾಡುತ್ತಿತ್ತು: ಮೋಡ, ನೆಲ, ಸಮುದ್ರ. ಅವರಿಗೆ ಒಂದೇ ಹಟ. ಪೂರ್ವದ ಸಮುದ್ರದಂಡೆಯಿಂದ ರಾಕೆಟ್ ಹಾರುವ ಹೊತ್ತಿಗೇ ಉಪಗ್ರಹ ಬಂದರೆ ಆ ಚಿತ್ರದಲ್ಲಿ ಅದರ ಹೊಗೆ ಕಾಣಬೇಕು. ಒಂದು ಸಲ ಉಪಗ್ರಹ ತಡವಾಗಿ ಬರುತ್ತಿತ್ತು, ಇನ್ನೊಂದು ಸಲ ದಂಡೆಯ ತುಂಬ ಮೋಡ. ಹೀಗೇ ವರ್ಷಗಳು ಹೋದವು.

ಒಂದು ಚಳಿಗಾಲ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಉಣ್ಣಿಸಲು ಹೋದರೆ ಹಲ್ಲು ಬಿಗಿಹಿಡಿಯುತ್ತಿದ್ದರು. ಅತ್ತೆ ಲಚ್ಯಾಣದ ಮಠಕ್ಕೆ ಹೋಗಿ ವಿಭೂತಿ ತಂದು ಮಗನ ಹಣೆಗೆ ಹಚ್ಚಿದರು. ನನಗೆ ಬೇರೇನೂ ತೋಚದೆ ಕಂಪ್ಯೂಟರಿನ ಮುಂದೆ ಕುಳಿತೆ. ಅವರು ಮಾಡುವುದನ್ನು ನೋಡಿ ನೋಡಿ ಅಷ್ಟಿಷ್ಟು ಗೊತ್ತಿತ್ತು.

ಬೇಸಿಗೆಯಲ್ಲಿ ರಾಕೆಟ್ ಹಾರುವ ಸುದ್ದಿ ಪೇಪರಿನಲ್ಲಿ ಬಂತು. ಉಪಗ್ರಹದ ವೇಳೆ ತೆಗೆದು ನೋಡಿದೆ. ಅದೂ ಅದೇ ಮುಂಜಾನೆ, ಹೆಚ್ಚು ಕಡಿಮೆ ಅದೇ ಗಳಿಗೆ. ಇದೊಂದು ಕಂಡರೆ ಅವರು ಇತ್ತ ತಿರುಗುತ್ತಾರೆ ಎಂದು ಹುಚ್ಚಿಯಂತೆ ನಂಬಿದೆ. ಪಕ್ಕದ ಓಣಿಯ ಹಿಟ್ಟಿನ ಗಿರಣಿಯ ಮೋಟಾರು ಶುರುವಾದರೆ ರೇಡಿಯೊ ಕರಕರ ಅಂದು ಚಿತ್ರದ ಮೇಲೆಲ್ಲ ಬಿಳಿ ಗೆರೆಗಳು ಬೀಳುತ್ತಿದ್ದವು. ಹಿಂದಿನ ದಿನವೇ ಗಿರಣಿಯವರಿಗೆ ಕೈಮುಗಿದು ಕೇಳಿಕೊಂಡೆ. ಸ್ವಲ್ಪ ಹೊತ್ತು ಬಂದ್ ಇಡಲು ಅವರು ಒಪ್ಪಿದರು.

ಆ ದಿನ ಅತ್ತೆ ಮತ್ತು ನಾನು ಅವರ ಮಂಚವನ್ನು ಕಂಪ್ಯೂಟರಿನ ಹತ್ತಿರ ಎಳೆದೆವು. ಟಿಕ್ ಟಿಕ್ ಶುರುವಾಯಿತು. ಟಿವಿಯಲ್ಲಿ ರಾಕೆಟ್ ಮೇಲೆದ್ದಿತು. ಚಿತ್ರ ಉತ್ತರದಿಂದ ನಿಧಾನಕ್ಕೆ ಇಳಿಯುತ್ತ ಬಂತು, ದಂಡೆಯ ಮೇಲೆ ಮೋಡವೇ ಇಲ್ಲ. ಕೃಷ್ಣೆ ಸಮುದ್ರ ಸೇರುವ ಮೂಲೆ ಕಂಡಿತು. ಇನ್ನೇನು ಬಂತು ಅನ್ನುವಾಗ ಬಿಳಿ ಗೆರೆ. ಒಂದರ ಕೆಳಗೊಂದು.

ಬರಿಗಾಲಲ್ಲಿ ಓಡಿದೆ. ಗಿರಣಿಯ ಮುಂದೆ ಡಬ್ಬಿ ಹಿಡಿದ ಹೆಂಗಸರ ಸಾಲು.

"ಅಣ್ಣಾರ, ಬಂದ್ ಮಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಗಿರಣಿಯವರು ಗಾಬರಿಯಾಗಿ ಸ್ವಿಚ್ ಎಳೆದರು. "ಕರೆಂಟ್ ಹೋಗ್ತೈತಿ ಅಂತ ಇವರೆಲ್ಲ ಗದ್ದಲ ಮಾಡಿದ್ರು ಅಕ್ಕಾರ. ನಿಮ್ಮ ಕೆಲಸ ಮುಗದಿರಬೇಕು ಅನ್ಕೊಂಡೆ."

ನಾನು ಮನೆಗೆ ತಿರುಗಿ ಬರುವಷ್ಟರಲ್ಲಿ ಚಿತ್ರ ಸಿಂಹಳಕ್ಕೆ ಇಳಿದಿತ್ತು. ರಾಕೆಟ್ ಹಾರಿದ ಜಾಗದಲ್ಲಿ ಬರೀ ಗೆರೆಗಳು. ಮಂಚದ ಕಾಲು ಹಿಡಿದು ಕುಸಿದೆ.

"ನನ್ನ ಕಡಿಂದ ಆಗ್ಲಿಲ್ರಿ."

ತಲೆಯ ಮೇಲೆ ಏನೋ ತಾಗಿತು. ಅವರ ಎಡಗೈ. ಆ ಕೈ ಪರದೆಯತ್ತ ಚಾಚಿತು, ಬಾಯಿ ಸೊಟ್ಟಗಾಯಿತು, ಗಂಟಲಿನಿಂದ ಏನೋ ಕಿತ್ತುಬಂದಂತೆ ಸದ್ದು ಬಂತು. "ಗಿ... ಗಿರಣಿ."

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದರು. ಅಂದು ಮಧ್ಯಾಹ್ನ ನನ್ನ ಗಂಡ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ ಉಂಡರು.

ಆಮೇಲೆ ಬಂದ ಮಾತುಗಳು ಕೆಲವೇ: ನೀರು, ಸಾಕು, ನನ್ನ ಹೆಸರಿನ ಅರ್ಧ. ರಾಕೆಟ್ಟೂ ಉಪಗ್ರಹವೂ ಮತ್ತೆ ಹಾಗೆ ಒಟ್ಟಿಗೆ ಕೂಡಿ ಬರಲಿಲ್ಲ. ಎರಡನೆಯ ಸಲ ಲಕ್ವಾ ಹೊಡೆದಾಗ ಅವರು ಉಳಿಯಲಿಲ್ಲ. ಅದಾದ ಮೇಲೂ ಟಿವಿಯಲ್ಲಿ ರಾಕೆಟ್ ಹಾರಿದವು. ಎಣಿಕೆ ಶುರುವಾಗುತ್ತಲೇ ನಾನು ಎದ್ದು ಒಳಗೆ ಹೋಗುತ್ತಿದ್ದೆ.