ಆ ಸಾಲುಗಳನ್ನು ಅಳಿಸಿದವನು

ಮಮತಾ, ಆ ಸಾಲುಗಳನ್ನು ಅಳಿಸಿದವನು ನಾನು. ನಿನಗಿದು ಗೊತ್ತು — ಆದರೆ ನನ್ನ ಬಾಯಿಂದ ನೀನೆಂದೂ ಕೇಳಿಲ್ಲ.

ಶಿರಾದ ನಮ್ಮ ಪುಟ್ಟ ವರ್ಕ್‌ಶಾಪಿನಲ್ಲಿ ಇಬ್ಬರೂ ಕೂಡಿ ಮಾಡಿದ ಮೊದಲ ಯಂತ್ರವದು. ಗೌಡಗೆರೆಯ ಜಯಮ್ಮ ನಾಟಿಕೋಳಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ ಪೆಟ್ಟಿಗೆಯನ್ನು ಅದು ಕಾಯಬೇಕಿತ್ತು. ಕರೆಂಟ್ ಹೋದರೆ ಬ್ಯಾಟರಿ ಉಳಿಸಲು ಪ್ರೊಸೆಸರ್ ಗಾಢ ನಿದ್ದೆಗೆ ಜಾರಬೇಕು. ಆಗಾಗ ಎದ್ದು, ಶಾಖ ಇಳಿದಿದ್ದರೆ ಗಂಟೆ ಬಾರಿಸಬೇಕು. ಆ ನಿದ್ದೆಯಲ್ಲಿ ಪ್ರೊಸೆಸರಿನದೇ ಟೈಮರ್ ಕೂಡ ನಿಂತುಹೋಗುತ್ತದೆ. ಅದಕ್ಕೇ ಮಲಗುವ ಮುನ್ನ, ಎಬ್ಬಿಸುವ ಕೆಲಸವನ್ನು ಸದಾ ಎಚ್ಚರವಿರುವ ಇನ್ನೊಂದು ಟೈಮರಿಗೆ ಒಪ್ಪಿಸುವಂತೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಾದ ಕರ್ನಲ್‌ನಲ್ಲಿ ನೀನು ಕೆಲವು ಸಾಲು ಬರೆದಿದ್ದೆ.

ಆ ಟೈಮರ್ ತುಸು ಬ್ಯಾಟರಿ ತಿನ್ನುತ್ತಿತ್ತು. ನಮ್ಮ ಬ್ಯಾಟರಿ ಎಷ್ಟು ಬಾಳುತ್ತದೆಂದು ಮೆರೆಯುವ ಆಸೆ ನನಗೆ. ನಿನಗೆ ಹೇಳದೆ ಆ ಸಾಲುಗಳನ್ನು ತೆಗೆದುಹಾಕಿದೆ. ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು — ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಿದ್ದರಿಂದ ಯಂತ್ರ ಗಾಢವಾಗಿ ಮಲಗಿರಲೇ ಇಲ್ಲ. ನಾನು ಅಷ್ಟನ್ನೂ ಯೋಚಿಸಲಿಲ್ಲ.

ಮಾಗಿಯ ಒಂದು ಮುಂಜಾನೆ ಕರೆಂಟ್ ಹೋಯಿತು. ಯಂತ್ರ ಮಲಗಿತು, ಏಳಲಿಲ್ಲ. ನಾವು ಹೋದಾಗ ಜಯಮ್ಮ ಒಂದು ಮೊಟ್ಟೆ ಒಡೆದು ಮುಂದೆ ಹಿಡಿದರು. ಒಳಗೆ ಪುಕ್ಕ ಮೂಡಿದ್ದ ಮರಿ, ತಣ್ಣಗೆ.

"ಗಂಟೆ ಹೊಡೀತದೆ ಅಂತ ನೆಮ್ಮದಿಯಾಗಿದ್ದೆ ಕಣಪ್ಪ. ಹೊಡ್ದಿದ್ರೆ ಜನರೇಟರ್ ಹಾಕ್ತಿರ್ಲಿಲ್ವಾ? ಈ ನಿದ್ದೆ ಮಾಡ್ಸೋದು ಬರ್ದಿದ್ದು ಯಾರು, ಹೇಳ್ಬುಡಿ."

"ಮಮತಾ," ಎಂದುಬಿಟ್ಟೆ.

ನೀನೇ ಬರೆದದ್ದಲ್ಲವೇ, ಸುಳ್ಳೇನು — ಎಂದು ಎಷ್ಟೋ ಸಲ ನನಗೆ ನಾನೇ... ಇಲ್ಲ. ಸುಳ್ಳೇ ಅದು. ನಿನಗಿನ್ನೂ ಗೊತ್ತಿರಲಿಲ್ಲ. ಎಲ್ಲೋ ತಪ್ಪಿದೆನೆಂದು ನಂಬಿ, ನೀನು ಅವರಿಗೆ ಕೈಮುಗಿದು ನಿಂತೆ.

ಮರುದಿನ ಯಂತ್ರದೊಳಗಿದ್ದ ಪ್ರೋಗ್ರಾಮನ್ನು ನೀನು ತೆರೆದು ನೋಡಿದೆ; ನಿನ್ನ ಸಾಲುಗಳು ಅಲ್ಲಿರಲಿಲ್ಲ. ಕೂಗಾಡಲಿಲ್ಲ. "ನಾನ್ ಕೈ ಮುಗಿವಾಗಾದ್ರೂ ಬಾಯ್ಬುಡ್ಬೋದಿತ್ತು ಕಣೋ," ಎಂದಷ್ಟೇ ಹೇಳಿ ನಿನ್ನೂರು ಕೊರಟಗೆರೆಯ ಬಸ್ಸು ಹತ್ತಿದೆ. ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ. ಸುತ್ತಲ ಕೋಳಿ ಸಾಕುವವರು ನಿನ್ನ ಕೆಲಸ ಬೇಡವೆಂದರು — ಆ ಕೆಲಸಗಳೆಲ್ಲ ನನಗೇ ಬಂದವು. ಬೇಡವೆನ್ನದೆ ಮಾಡಿದೆ.

ಇಂದು, ಇಷ್ಟು ವರ್ಷಗಳ ಮೇಲೆ, ಗೌಡಗೆರೆಗೆ ಹೋಗಿ ಎಲ್ಲ ಹೇಳಿದೆ. ಉಳಿದವರ ಮನೆಗಳಿಗೂ ಹೋಗಿ ಹೇಳುತ್ತೇನೆ. ಮರಳಿ ಬಾ ಎಂದು ಕೇಳುವ ಮುಖ ನನಗಿಲ್ಲ. ಎಲ್ಲ ಕೇಳಿದ ಮೇಲೆ ಜಯಮ್ಮ ಅಂದರು:

"ಆ ಹುಡ್ಗಿ ನನ್ ಕೈಲಿ ಎಷ್ಟು ಬೈಸ್ಕೊಂಡ್ಲು! ನೀನು ಅಲ್ಲೇ ಪಕ್ಕದಲ್ಲಿದ್ದೆ ಅಲ್ವೇನ್ಲಾ?"

"ಹೌದಮ್ಮ," ಎಂದೆ. "ಅಲ್ಲೇ ಇದ್ದೆ."