ದೇವಯ್ಯನ ‘ಇಲ್ಲೇ’

ಮೈಸೂರಿನ ಚಾಮರಾಜಪುರಂ ಟ್ಯಾಕ್ಸಿ ನಿಲ್ದಾಣದಲ್ಲಿ ದೇವಯ್ಯನನ್ನು ಅರಿಯದವರಿಲ್ಲ. ಊರು ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಹತ್ತಿರದ ಇಲವಾಲ, ಏಳನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿ. ‘ಇಲ್ಲಿ’ಗೆ ‘ಏ’ ಸೇರಿದರೆ ಇಕಾರ ಲೋಪವಾಗಿ ‘ಇಲ್ಲೇ’ ಆಗುತ್ತದೆಂದು ನಾನು ಹಲಗೆಯ ಮೇಲೆ ಬರೆದಾಗ ಅವನು ಎದ್ದು, “ಅಕ್ಷರ ಹೋದ್ರೆ ದೂರಾನೂ ಹೋಯ್ತದಾ ಸಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ.

ಮುಂದೆ ಅದೇ ಅವನ ಕಸುಬಿನ ಮಾತಾಯಿತು. ಊಟಿ ಎಷ್ಟು ದೂರ? “ಇಲ್ಲೇ.” ಧರ್ಮಸ್ಥಳ? “ಇಲ್ಲೇ ಕಣಮ್ಮ, ಹತ್ತಿ.” ನಾನು ಗದರಿದರೆ, “ದೂರ ಅಂದ್ಬುಟ್ರೆ ಜನ ಕಾರು ಹತ್ತೋಕ್ ಮುಂಚೇನೇ ಸುಸ್ತಾಯ್ತಾರೆ ಮೇಷ್ಟ್ರೇ” ಎನ್ನುತ್ತಿದ್ದ.

ಕಳೆದ ಆಷಾಢದಲ್ಲಿ ಅವನ ಅಕ್ಕ ಸಾಕಮ್ಮನ ಮೂತ್ರಪಿಂಡಗಳು ಸೋತವು. ಹೆತ್ತವರಿಲ್ಲದ ದೇವಯ್ಯನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. “ನಾಳೆ ಸಂಜೆ ದಾಟುವುದು ಕಷ್ಟ, ಬರುವವರನ್ನು ಕರೆಸಿ” ಎಂದರು ಡಾಕ್ಟರು. ಬರಬೇಕಾದವನು ಒಬ್ಬನೇ, ಅವಳ ಮಗ ಗೌತಮ್. ದುಬೈನ ಹೋಟೆಲೊಂದರಲ್ಲಿ ಅಡಿಗೆಯವನು. ಅವನೇ ಫೋನ್ ಮಾಡಿದ.

“ಮಾವ, ನಾಳೆ ಬೆಳಗ್ಗೆ ಇಳಿಯೋ ವಿಮಾನ ಎರಡವೆ. ಬೆಂಗಳೂರಿಗೆ ಎಂಟಕ್ಕೆ, ಅಲ್ಲಿಂದ ಮೈಸೂರಿಗೆ ನಾಲ್ಕು ಗಂಟೆ. ಇನ್ನೊಂದು ಕಣ್ಣೂರಿಗೆ, ಒಂಬತ್ತಕ್ಕೆ. ಕಣ್ಣೂರು ಏರ್‌ಪೋರ್ಟಿಂದ ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟು ಮ್ಯಾಪಲ್ಲಿ ಗೇಣುದ್ದ ಕಾಣ್ತದೆ. ಎಷ್ಟೊತ್ತಿನ ದಾರಿ?”

“ಇಲ್ಲೇ ಕಣೋ. ಬಂದ್ಬುಡು, ನಾನೇ ಕಾರು ತತ್ತೀನಿ.”

ಗೌತಮ್ ಕಣ್ಣೂರಿಗೆ ಟಿಕೆಟ್ ಮಾಡಿಸಿದ.

ಆ ಎರಡು ನಿಲ್ದಾಣಗಳ ನಡುವೆ ಹಕ್ಕಿಗೆ ನೂರಿಪ್ಪತ್ತು ಕಿಲೋಮೀಟರು ಇರಬಹುದು. ಅವನನ್ನು ದಾಟಿಸುವ ವಿಮಾನ ಮಾತ್ರ ಇರಲಿಲ್ಲ. ರಸ್ತೆಯಲ್ಲಾದರೆ ಇರಿಟ್ಟಿ, ಮಾಕುಟ್ಟದ ಘಟ್ಟ, ವಿರಾಜಪೇಟೆ, ಹುಣಸೂರು ಎಂದು ನೂರ ಅರವತ್ತರ ಮೇಲೆ. ಮಳೆಗಾಲದಲ್ಲಿ ಐದು ಗಂಟೆಗೆ ಕಡಿಮೆಯಿಲ್ಲ. ದೇವಯ್ಯನಿಗೆ ಇದು ತಿಳಿಯದ್ದಲ್ಲ. ನಾಲಗೆಯ ರೂಢಿ ಬುದ್ಧಿಗಿಂತ ಮುಂಚೆ ಹೊರಟುಬಿಟ್ಟಿತು.

ನಸುಕಿನಲ್ಲಿ ಕಣ್ಣೂರಿಗೆ ಹೊರಡುವ ಮುನ್ನ ಅವನು ನನ್ನನ್ನು ಆಸ್ಪತ್ರೆಯಲ್ಲಿ ಅಕ್ಕನ ಬಳಿ ಕೂರಿಸಿದ್ದ. ಹನ್ನೆರಡರ ಸುಮಾರಿಗೆ ಫೋನ್ ಬಂತು. “ಮಾಕುಟ್ಟದಲ್ಲಿ ಮರ ಬಿದ್ದದೆ ಮೇಷ್ಟ್ರೇ. ಹಿಂದೂ ಹೋಗಕಾಗಲ್ಲ, ಮುಂದೂ ಹೋಗಕಾಗಲ್ಲ.” ಹಿಂದೆ ಗೌತಮ್ ಯಾರನ್ನೋ ಬೇಡಿಕೊಳ್ಳುತ್ತಿದ್ದ ದನಿ ಕೇಳಿಸಿತು.

ಬೆಂಗಳೂರಿಗೆ ಇಳಿದಿದ್ದರೆ ಅವನು ಬಾಗಿಲಿಗೆ ಬರುವ ಹೊತ್ತು ಅದು.

ಸಾಕಮ್ಮ ಕಣ್ಣು ತೆರೆದಳು. “ಮಗ ಎಲ್ಲವ್ನೆ?”

“ಇಲ್ಲೇ ಇದ್ದಾನೆ ಕಣಮ್ಮ. ಇಲವಾಲ ದಾಟಿದನಂತೆ” ಎಂದೆ. ಬೇರೆ ಮಾತು ನನಗೂ ಹೊಳೆಯಲಿಲ್ಲ.

“ಅಂಗಾರೆ ತಲೆ ಬಾಚು” ಎಂದು ನಾದಿನಿಗೆ, ದೇವಯ್ಯನ ಹೆಂಡತಿ ಪದ್ಮಾವತಿಗೆ, ಹೇಳಿದಳು. ಪದ್ಮಾವತಿ ಸಿಕ್ಕು ಬಿಡಿಸಿ ಬಾಚಿದಳು. ಆಮೇಲೆ ಸಾಕಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಒಂದೂಮುಕ್ಕಾಲಿಗೆ ಉಸಿರು ನಿಂತಾಗಲೂ ಕಣ್ಣು ಆ ಕಡೆಗೇ ಇತ್ತು.

ಅವರು ಬಂದಾಗ ನಾಲ್ಕು ಹೊಡೆದಿತ್ತು. ಗೌತಮ್ ತಾಯಿಯ ಪಾದ ಹಿಡಿದು ಕೂತ. ತಲೆಯೆತ್ತಿ, “ಇಲ್ಲೇ ಅಂದಿದ್ದೆಯಲ್ಲ ಮಾವ” ಎಂದ. ಅಷ್ಟೇ. ಬೈದಿದ್ದರೆ ದೇವಯ್ಯ ತಡೆದುಕೊಳ್ಳುತ್ತಿದ್ದನೇನೋ.

ಮೊನ್ನೆ ನಿಲ್ದಾಣದ ಮುಂದೆ ಹಾದು ಹೋಗುತ್ತಿದ್ದೆ. ಪೆಟ್ಟಿಗೆ ಹಿಡಿದವರೊಬ್ಬರು, “ದೊಡ್ಡ ರೈಲ್ವೆ ಸ್ಟೇಷನ್ನು ಇಲ್ಲೇ ಅಲ್ವೇನ್ರೀ?” ಎಂದು ಕೇಳಿದರು.

“ಇಲ್ಲ ಸಾರ್” ಎಂದ ದೇವಯ್ಯ. “ಹತ್ತು ನಿಮಿಷ.”

“ಅದನ್ನೇ ಅಲ್ವೇ ಇಲ್ಲೇ ಅನ್ನೋದು!” ಎಂದು ಅವರು ನಕ್ಕರು.

ದೇವಯ್ಯ ಕಾರಿನ ಬಾಗಿಲು ತೆರೆದು ಹಿಡಿದು ನಿಂತಿದ್ದ.